ಕೆಸರಿನಲ್ಲಿ ಮೊಣಕಾಲೂರಿದ ಸಾಹೇಬ

ಹುನಗುಂದ,
ತಾ. ೧೪ ನವೆಂಬರ್ ೧೯೧೧, ಮಂಗಳವಾರ

ಚಿರಂಜೀವಿ ಶಂಕ್ರಪ್ಪ,

ಅಜ್ಜನ ಆಶೀರ್ವಾದ. ನಿನ್ನ ಕೆಮ್ಮು ಹೇಗಿದೆ? ಪುಣೆಯ ಚಳಿಗೆ ಕಿವಿಗೆ ರುಮಾಲು ಸುತ್ತಿಕೊಳ್ಳುತ್ತೀಯೋ, ಇಲ್ಲ ಕಾಲೇಜಿನ ಹುಡುಗರು ನಗುತ್ತಾರೆಂದು ಬಿಚ್ಚಿ ಕಿಸೆಯಲ್ಲಿಟ್ಟುಕೊಳ್ಳುತ್ತೀಯೋ? ನಿನ್ನ ಅಜ್ಜಿ ರೊಟ್ಟಿಗೆ ಹಚ್ಚಿಕೊಳ್ಳಲು ಕಟ್ಟಿಕೊಟ್ಟ ಶೇಂಗಾ ಹಿಂಡಿ ಇಷ್ಟೊತ್ತಿಗೆ ಮುಗಿದಿರಬೇಕು. ಮುಗಿದಿಲ್ಲ ಎಂದು ಮಾತ್ರ ಬರೆಯಬೇಡ, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ. ಅವಳ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಭಾಳ ಆರೋಗ್ಯವಾಗಿದೆ. ಕೆಂಪು ಎಮ್ಮೆ ಕರು ಹಾಕಿದೆ. ನಾನು ಆರಾಮ ಇದ್ದೇನೆ, ನೀನು ನನ್ನನ್ನು ಆರಾಮ ಇರಲು ಬಿಟ್ಟಷ್ಟು.

ಈಗ ವಿಷಯಕ್ಕೆ ಬರುತ್ತೇನೆ. ದೀಪಾವಳಿಗೆ ಬಂದ ನಿನ್ನನ್ನು ಹೆಣ್ಣು ನೋಡಲು ಇಲಕಲ್ಲಿಗೆ, ನೇಕಾರ ನೀಲಪ್ಪನ ಮನೆಗೆ ಕರೆದುಕೊಂಡು ಹೋದೆ. ಅವನ ಮಗಳು ಗುರುಸಿದ್ದವ್ವ ಬಂದು ಕುಳಿತಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಎದ್ದು ಒಳಗೆ ಹೋದಳು. ಎಲೆ ಅಡಿಕೆಯ ತಟ್ಟೆ ನಿನ್ನ ಮುಂದೆ ಬಂತು. ಹುಡುಗ ಆ ತಟ್ಟೆಯಿಂದ ಒಂದು ಎಲೆ ಎತ್ತಿದರೆ ಒಪ್ಪಿದ ಹಾಗೆ, ಎತ್ತದಿದ್ದರೆ ಒಲ್ಲೆನೆಂದ ಹಾಗೆ. ನಮ್ಮ ಮನೆತನದಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನೀನು ಏನು ಮಾಡಿದೆ? "ಮೊದಲ ಹುಡುಗಿನ್ನ ಕೇಳ್ರಿ" ಎಂದವನೇ ತಟ್ಟೆ ಮುಟ್ಟದೆ ಎದ್ದು ಹೋಗಿ ಚಕ್ಕಡಿಯಲ್ಲಿ ಕುಳಿತುಬಿಟ್ಟೆ. ನೀಲಪ್ಪ ನನ್ನ ಮುಖ ನೋಡಿದ, ನಾನು ಎತ್ತಿನ ಮುಖ ನೋಡಿದೆ. ಮರುದಿನ ನೀನು ಬದಾಮಿಗೆ ಹೋಗಿ ಪುಣೆಯ ರೈಲು ಹತ್ತಿದೆ. ಅವರು ನಿನಗೆ ಹುಡುಗಿ ಮನಸ್ಸಿಗೆ ಬರಲಿಲ್ಲ ಎಂದೇ ತಿಳಿದರು. ಬದಾಮಿಯ ಕಿರಾಣಿ ಅಂಗಡಿಯವರು ತಮ್ಮ ಮಗನಿಗೆ ಅವಳನ್ನು ಕೇಳಿದ್ದಾರೆ, ನೀಲಪ್ಪ ಹೂಂ ಎನ್ನುವುದೊಂದೇ ಬಾಕಿ. ಆ ಹುಡುಗಿಯನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಅವಳು ಕೈತಪ್ಪಿ ಹೋದರೆ ನನಗೆ ದುಃಖವಾಗುತ್ತದೆ, ಇದನ್ನು ಮುಚ್ಚಿಡುವುದಿಲ್ಲ.

ಇಂಥದರಲ್ಲಿ ನಿನ್ನ ಪತ್ರ ಬಂತು. ಹುಡುಗಿ ಬೇಡ ಅಂದಿಲ್ಲ, ಊರಲ್ಲಿ ಬಿಟ್ಟು ಬಂದ ಅಮೇರಿಕದ ಕಾದಂಬರಿಯಲ್ಲಿ ಹಾಳೆ ಮಡಚಿದ ಕಡೆ ಓದಿರಿ, ನನ್ನ ಮನಸ್ಸು ತಿಳಿಯುತ್ತದೆ ಎಂದು ಬರೆದೆ. ಎರಡು ಸಾಲಿನಲ್ಲಿ ಹೇಳುವುದನ್ನು ಹೇಳಲಾರದೆ ಮುದುಕನ ತಲೆಯ ಮೇಲೆ ಇಡೀ ಪುಸ್ತಕ ಹೊರಿಸಿದೆ. ನನ್ನ ಇಂಗ್ಲಿಷೆಲ್ಲ ಮಾಮಲೇದಾರ ಕಚೇರಿಯಲ್ಲಿ ಕಾರಕೂನಿಕೆ ಮಾಡಿ ಕಲಿತದ್ದು. ಹೊಲದ ಸರಹದ್ದು, ಬಾವಿಯ ಹಕ್ಕು, ಜಪ್ತಿ, ಜಾಹೀರು, ಇವು ಬಂದರೆ ನೀರು ಕುಡಿದ ಹಾಗೆ ಓದುತ್ತೇನೆ. ಪ್ರೇಮ ನಮ್ಮ ಕಚೇರಿಗೆ ಯಾವತ್ತೂ ಬಂದಿರಲಿಲ್ಲ. ಆದರೂ ಮೂಗಿಗೆ ಚಾಳೀಸು ಏರಿಸಿ ಕುಳಿತೆ. ಕಥೆಯ ಗಂಡಸಿನ ಹೆಸರು ನಾಲಿಗೆಗೆ ಹೊರಳಲಿಲ್ಲವಾದ್ದರಿಂದ, ಕಚೇರಿ ಕಾಗದದಲ್ಲಿ ಮೇಲೆ ಹೇಳಿದವನನ್ನು ಬರೆಯುವ ಹಾಗೆ, ಸದರ ಸಾಹೇಬ ಎಂದು ಕರೆದುಕೊಂಡೆ.

ನನಗೆ ತಿಳಿದ ಮಟ್ಟಿಗೆ ಪ್ರಕರಣ ಹೀಗಿದೆ. ಸ್ಥಳ, ಹುಡುಗಿಯ ಮನೆಯ ಹಿತ್ತಲು. ಪೂರ್ವಕ್ಕೆ ಬೇಲಿ, ಪಶ್ಚಿಮಕ್ಕೆ ಕುದುರೆ ಲಾಯ, ಉತ್ತರಕ್ಕೆ ಹಣ್ಣಿನ ಗಿಡಗಳು, ದಕ್ಷಿಣಕ್ಕೆ ಕಿಟಕಿ, ಕಿಟಕಿಯ ಒಳಗೆ ಹುಡುಗಿಯ ಅಪ್ಪ ವರ್ತಮಾನ ಪತ್ರ ಓದುತ್ತ ಕುಳಿತಿದ್ದಾನೆ. ಮಳೆ ಆಗಷ್ಟೇ ನಿಂತಿದೆ. ಸದರ ಸಾಹೇಬ ಟೋಪಿ ತೆಗೆದು ಕೆಸರಿನಲ್ಲಿ ಒಂದು ಮೊಣಕಾಲು ಊರುತ್ತಾನೆ. ತನ್ನ ಹೊಸ ಮನೆ, ಹಾಲು ಕೊಡುವ ಹಸುಗಳು, ಕಬ್ಬಿಣದ ಒಲೆ, ಬಿಳಿ ಕುದುರೆ, ಇವೆಲ್ಲವುಗಳ ವರ್ಣನೆ ಮಾಡಿ, ಇವೆಲ್ಲ ನಿನ್ನವೇ, ನನ್ನನ್ನು ಮದುವೆಯಾಗು ಎನ್ನುತ್ತಾನೆ. ಹುಡುಗಿ ಪೂರ್ತಿ ಕೇಳಿಸಿಕೊಂಡು, ಇಲ್ಲ ಎಂದು ಒಳಗೆ ಹೋಗುತ್ತಾಳೆ. ಕಾರಣ ಕೊಡುವುದಿಲ್ಲ. ಅಪ್ಪ ಪತ್ರದ ಹಾಳೆ ತಿರುವುತ್ತಾನೆ. ಸಾಹೇಬ ಅಧ್ಯಾಯ ಮುಗಿಯುವ ತನಕ ಕೆಸರಿನಲ್ಲೇ ಇರುತ್ತಾನೆ. ಸಾಕ್ಷಿ ಇಲ್ಲ, ಮಧ್ಯಸ್ಥರಿಲ್ಲ, ಎಲೆ ಅಡಿಕೆಯಂತೂ ಇಲ್ಲವೇ ಇಲ್ಲ. ನಾನು ನಿನ್ನ ಅಜ್ಜಿಗೆ ಓದಿ ಹೇಳಿದರೆ ಅವಳು ಕಾರಣವನ್ನು ಕೂತಲ್ಲೇ ಹುಡುಕಿದಳು. "ಕೆಸರಾದ ಇಜಾರ ಯಾರು ಒಗೀಬೇಕ್ರಿ? ತಾನ ಒಗೀಬೇಕಾಗ್ತದಂತ ಒಲ್ಲೆ ಅಂದಾಳ ಆಕಿ." ಅಷ್ಟಾದರೂ ಮುಂದಿನ ಅಧ್ಯಾಯ ಓದಲು ನನಗೆ ಬಿಡಲಿಲ್ಲ, ಮೊದಲು ಶಂಕ್ರಪ್ಪನ ಗಂಟು ಬಿಚ್ಚಲಿ, ಇಲ್ಲದಿದ್ದರೆ ಪುಸ್ತಕ ಅದರೊಳಗೇ ಎಂದು ಜೋಳ ತುಂಬುವ ನೆಲದ ಹಗೇವಿನ ಕಡೆ ಕೈ ತೋರಿಸಿದಳು.

ನನಗೂ ಒಂದು ಯೋಚನೆ ಬಂತು. ನಿನ್ನ ಮನಸ್ಸು ಈ ಪುಸ್ತಕದಲ್ಲಿದ್ದರೆ ನೀಲಪ್ಪನ ಮುಂದೆ ನಾನು ಬಾಯಿಮಾತು ಆಡುವುದಕ್ಕಿಂತ ಪುಸ್ತಕವನ್ನೇ ಹಾಜರುಪಡಿಸುವುದು ಒಳ್ಳೆಯದು. ರೇಷ್ಮೆ ನೂಲಿಗೆ ಬಣ್ಣ ಹಾಕುವ ಗೆಳೆಯ ಫಕ್ರುಸಾಬ ಸರಕು ಕೊಡಲು ಶನಿವಾರ ಇಲಕಲ್ಲಿಗೆ ಹೊರಟಿದ್ದ, ಅವನ ಗಾಡಿಯಲ್ಲೇ ಹೋದೆ. ನೀಲಪ್ಪ ಮೊದಲು ನೀರು ಕೂಡ ಕೊಡಲಿಲ್ಲ, ಆದರೆ ಅಮೇರಿಕದಲ್ಲಿ ಹೆಣ್ಣು ಕೇಳುವ ಬಗೆ ಓದಿ ಹೇಳುತ್ತೇನೆ ಎಂದಾಗ ಚಾಪೆ ಹಾಸಿದ. ಪಡಸಾಲೆಯಲ್ಲಿ ಕುಳಿತು ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ಸಾಹೇಬ ಕೆಸರಿಗೆ ಇಳಿದಾಗ ಗೋಡೆಯ ಆಚೆ ಮಗ್ಗದ ಸಪ್ಪಳ ನಿಂತಿತು. ಹುಡುಗಿ ಒಲ್ಲೆ ಎಂದಾಗ ನೀಲಪ್ಪನಿಗೆ ಸಂತೋಷವಾಯಿತು. "ಅಪ್ಪ ಒಳಗ ಕುಂತಾನ. ಅವನ್ನ ಕೇಳಲಾರದ ಮಗಳನ್ನ ಕೇಳಿದ್ರ ಆಕಿ ಮತ್ತೇನ್ ಅನಬೇಕು?" ಎಂದ. ಫಕ್ರುಸಾಬ ಒಪ್ಪಲಿಲ್ಲ. "ತಪ್ಪು ಕುದುರೀದು, ಕಾರಕೂನರ. ಕುದುರಿನ್ನ ಅಷ್ಟು ಹೊಗಳಿದ, ಹುಡುಗಿನ್ನ ಒಂದು ಮಾತು ಹೊಗಳಲಿಲ್ಲ" ಎಂದ. ಇಬ್ಬರೂ ಆ ಸಾಹೇಬ ತಮ್ಮ ಅಳಿಯನೇ ಎಂಬಂತೆ ಜಗಳಕ್ಕೆ ನಿಂತರು. ಕೊನೆಗೆ ಗೋಡೆಯ ಆಚೆಯಿಂದ ಗುರುಸಿದ್ದವ್ವನ ದನಿ ಬಂತು. "ಅಜ್ಜಾರ, ಅವ ತನ್ನ ಕಡೆ ಏನೇನ್ ಐತಿ ಅದನ್ನೆಲ್ಲಾ ಹೇಳಿದ. ಆಕಿಗೆ ಏನ್ ಬೇಕಂತ ಕೇಳಿದ್ನೇನ್ರಿ?"

ನಾನು ಹಾಳೆ ಹಿಂದೆ ಮುಂದೆ ತಿರುವಿ ಹುಡುಕಿದೆ. ಇರಲಿಲ್ಲ. ಇಲ್ಲ ತಂಗಿ, ಕೇಳಿಲ್ಲ ಎಂದೆ. "ಹಂಗಾರ ಆಕಿದೇನ್ ತಪ್ಪಿಲ್ಲ ಬಿಡ್ರಿ" ಎಂದಳು, ಮಗ್ಗದ ಸಪ್ಪಳ ಮತ್ತೆ ಶುರುವಾಯಿತು. ನೀಲಪ್ಪ ಈ ಸಲ ಚಹಾ ಕೊಟ್ಟ. ತಿರುಗಿ ಬರುವ ದಾರಿಯುದ್ದಕ್ಕೂ ನನಗೆ ನಿನ್ನ ಮೇಲೆ ಸಿಟ್ಟು ಬರುತ್ತಲೇ ಇತ್ತು. ಹುಡುಗಿಯನ್ನು ಕೇಳಬೇಕೆಂಬ ನಿನ್ನ ಆಸೆ ಒಳ್ಳೆಯದು ಎಂದು ಈಗ ನಾನೂ ಒಪ್ಪುತ್ತೇನೆ. ಆದರೆ ನೀನು ಕೇಳಿದೆಯಾ? ಕೇಳಿರಿ ಎಂದು ನಮಗೆ ಹೇಳಿ ಚಕ್ಕಡಿಗೆ ಓಡಿದೆ. ಆ ಅಮೇರಿಕದವನು ತಪ್ಪೋ ಸರಿಯೋ, ಇಜಾರನ್ನಾದರೂ ಕೆಡಿಸಿಕೊಂಡ. ನಿನ್ನ ಧೋತರಕ್ಕೆ ಒಂದು ಹನಿ ಕೆಸರು ಹತ್ತಲಿಲ್ಲ.

ಬದಾಮಿಯವರಿಗೆ ನೀಲಪ್ಪ ಏನು ಹೇಳುತ್ತಾನೋ ತಿಳಿಯದು. ನನ್ನ ಕೈಲಾದದ್ದು ಮಾಡಿದ್ದೇನೆ. ಓದಿನ ಕಡೆ ಲಕ್ಷ್ಯವಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ಅಜ್ಜಿ ನಿನ್ನ ತಲೆ ನೇವರಿಸಿದ್ದಾಳೆಂದು ಬರೆಯಲು ಹೇಳಿದಳು. ಕಿವಿ ಹಿಂಡಿದ್ದೇನೆಂದು ನನ್ನ ಕಡೆಯಿಂದ ತಿಳಿದುಕೊ. ಬಸವಣ್ಣ ನಿನಗೆ ಒಳ್ಳೆಯದು ಮಾಡಲಿ, ಜೊತೆಗೆ ಒಂದಿಷ್ಟು ಧೈರ್ಯವನ್ನೂ ಕೊಡಲಿ.

ಇಂತಿ ನಿನ್ನ ಅಜ್ಜ,
ಅಮಾತೆಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ, ನಿನ್ನೆ ಮತ್ತೆ ಇಲಕಲ್ಲಿಗೆ ಹೋಗಿದ್ದ ಫಕ್ರುಸಾಬ ತಿರುಗಿ ಬಂದ, ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತೇನೆ. ಗುರುಸಿದ್ದವ್ವ ಅಪ್ಪನ ಎದುರೇ ಫಕ್ರುಸಾಬನ ಕೈಲಿ ಒಂದು ಮಾತು ಹೇಳಿ ಕಳಿಸಿದ್ದಾಳೆ. "ಪುಣೆದಾಗ ಅವರ ಖೋಲಿ ನೆಲದ ಮ್ಯಾಲೈತೋ ಮಾಳಿಗಿ ಮ್ಯಾಲೈತೋ ಕೇಳ್ರಿ." ಹುಡುಗಿಗೆ ಮೆಟ್ಟಿಲು ಹತ್ತುವುದು ಹೆದರಿಕೆಯೇನೋ ಎಂದುಕೊಂಡೆ. ನಿನ್ನ ಅಜ್ಜಿ ಹಣೆ ಬಡಿದುಕೊಂಡಳು. "ಮಗ್ಗಕ್ಕ ಕಾಲು ಇಳಿಬಿಡಾಕ ನೆಲದಾಗ ಕುಣಿ ತೋಡಬೇಕಲ್ರೀ. ಮಾಳಿಗಿ ಮ್ಯಾಲ ಹೆಂಗ ತೋಡ್ತಾಳ?" ತಿಳಿಯಿತೇ? ಅವಳು ಬರುತ್ತಾಳೆ, ಮಗ್ಗವನ್ನೂ ತರುತ್ತಾಳೆ. ಬದಾಮಿಯವರಿಗೆ ನೀಲಪ್ಪ ಸ್ವಲ್ಪ ತಡೆಯಿರಿ ಎಂದಿದ್ದಾನಂತೆ. ಉತ್ತರ ನನಗೆ ಬರೆಯಬೇಡ, ಅವಳ ಹೆಸರಿಗೇ ಬರೆ, ಅವಳಿಗೆ ಓದಲು ಬರುತ್ತದೆ. ಖೋಲಿ ಮಾಳಿಗೆಯ ಮೇಲಿದ್ದರೆ ಮೊದಲು ಅದನ್ನು ಖಾಲಿ ಮಾಡು, ಆಮೇಲೆ ಬರೆಯಲು ಕಾಗದ ತೆಗೆದುಕೊ.