ಮೊದಲಿನ ಹಾಗೆ

ಹ್ಯಾಮಿಲ್ಟನ್, ನ್ಯೂಜಿಲೆಂಡ್
24 ಆಗಸ್ಟ್ 2025, ಭಾನುವಾರ

ಮುದ್ದು ಕೀರ್ತನಾ,

ಅಮ್ಮನ ಆಶೀರ್ವಾದ ನಿನಗೂ, ಹೊಟ್ಟೆಯಲ್ಲಿರುವ ಪುಟ್ಟದಕ್ಕೂ. ಇಬ್ಬರೂ ಸಮನಾಗಿ ಹಂಚಿಕೊಳ್ಳಿ, ಜಗಳವಾಡಬೇಡಿ.

ನೀನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಕಾಗದ ಬಂದದ್ದು ನೋಡಿ ಗಾಬರಿಯಾಗಬೇಡ, ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅತ್ತಿಗುಪ್ಪೆಯ ಮನೆಗೆ ಬರೆದರೆ ಪೋಸ್ಟ್‌ಮ್ಯಾನ್ ಕೈಯಿಂದ ಮೊದಲು ತೆಗೆದುಕೊಳ್ಳುವವರು ನಿನ್ನ ಮಾವ ದೊಡ್ಡಹನುಮಯ್ಯನವರು. ಅವರು ಎಲ್ಲವನ್ನೂ ಗಟ್ಟಿಯಾಗಿ ಓದುವವರು, ಕರೆಂಟ್ ಬಿಲ್ಲನ್ನೂ ಬಿಡುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಎಲ್ಲದಕ್ಕೂ ಹೂಂ ಅಂದುಬಿಡುತ್ತೇನೆ. ಕಳೆದ ವಾರ ಸೀಮಂತದ ವಿಷಯದಲ್ಲಿ ಆದದ್ದೂ ಅದೇ. ಆ ಹೂಂ ಅನ್ನು ವಾಪಸ್ ತೆಗೆದುಕೊಳ್ಳಲೆಂದೇ ಈ ಕಾಗದ ಬರೆಯುತ್ತಿದ್ದೇನೆ.

"ಬರೋದಾದ್ರೆ ಮೊದಲಿನ ಹಾಗೆ ಬಾರಮ್ಮ, ಒಬ್ಬಳೇ ಬಾ" ಅಂದೆ ನೀನು. ಮೊದಲಿನ ಹಾಗೆ ಎಂದರೆ ಕುಂಕುಮವಿಲ್ಲದ ಹಣೆ, ತಾಳಿಯಿಲ್ಲದ ಕೊರಳು, ನಿಮ್ಮಪ್ಪ ರುದ್ರೇಶ ತೀರಿಕೊಂಡ ಮೇಲೆ ಒಬ್ಬಂಟಿಯಾಗಿ ಮಗಳನ್ನು ಬೆಳೆಸಿದ ವಿಧವೆ ಲತಾ. ನಾನು ಮಂಜುನಾಥ್ ಅವರನ್ನು ಮದುವೆಯಾಗಿ ಈ ದೇಶಕ್ಕೆ ಬಂದದ್ದು ನಿನ್ನ ಅತ್ತೆ ಮಾವನಿಗೆ ಗೊತ್ತಿಲ್ಲ, ಅಳಿಯಂದಿರು ಗೌತಮ್ ಅವರಿಗೂ ನೀನು ಹೇಳಿಲ್ಲ. ನಾನು ಇಲ್ಲಿ ಹೊಲಿಗೆ ಕೆಲಸ ಸಿಕ್ಕಿ ಬಂದವಳೆಂದು ಅವರಿಗೆಲ್ಲ ಹೇಳಿಟ್ಟಿದ್ದೀಯ. ಸಮಯ ನೋಡಿ ಹೇಳುತ್ತೇನೆ ಎಂದಿದ್ದೆ ನೀನು. ವರ್ಷ ಕಳೆಯಿತು, ಆ ಸಮಯಕ್ಕೆ ಇನ್ನೂ ಸಮಯ ಸಿಕ್ಕಿಲ್ಲ.

ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ. ಅಲ್ಲಿ ಹೊಂದಿಕೊಂಡೆಯಾ ಎಂದು ಪ್ರತಿ ಸಲ ಕೇಳುತ್ತೀಯ. ನಾನು ಹೂಂ ಎನ್ನುವಷ್ಟರಲ್ಲಿ ನಿನ್ನ ಅತ್ತೆ ಪಕ್ಕಕ್ಕೆ ಬಂದು ನಿಲ್ಲುತ್ತಾರೆ, ಮಾತು ಹವಾಮಾನಕ್ಕೆ ಹೊರಳುತ್ತದೆ. ಇವತ್ತು ಪೂರ್ತಿ ಕೇಳು.

ಇಲ್ಲಿ ಈಗ ಚಳಿಗಾಲದ ಕೊನೆ. ಮರದ ಮನೆ. ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜೆಲ್ಲ ಒಳಗಿನಿಂದ ಬೆವರಿರುತ್ತದೆ. ಊರಿನಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದವಳು ಇಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತೇನೆ. ಇಡ್ಲಿ ಹಿಟ್ಟು ಎರಡು ದಿನವಾದರೂ ಕಲ್ಲಿನ ಹಾಗೆ ಕೂತಿರುತ್ತಿತ್ತು. ಈಗ ಪಾತ್ರೆಗೆ ಇವರ ಹಳೆಯ ಉಣ್ಣೆ ಕೋಟು ತೊಡಿಸಿ, ಬಿಸಿನೀರಿನ ಚೀಲದ ಪಕ್ಕ ಮಲಗಿಸುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಬಿದ್ದರೆ ಸಾಕು, ಚಾವಣಿಯಲ್ಲಿರುವ ಹೊಗೆಯ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ. ನಾನು ಕೆಳಗೆ ನಿಂತು ಟವೆಲ್ ಬೀಸಿ ಅದಕ್ಕೆ ಸಮಾಧಾನ ಹೇಳಬೇಕು. ಸಂಜೆ ಐದಾದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಮೂಡಲಪಾಳ್ಯದಲ್ಲಿ ಆ ಹೊತ್ತಿಗೆ ನಾವು ಪೇಟೆಗೆ ಹೋಗಲು ಸೀರೆ ಬದಲಾಯಿಸುತ್ತಿದ್ದೆವು. ಈ ಮೌನವೊಂದು ನನಗೆ ಇನ್ನೂ ಒಗ್ಗಿಲ್ಲ, ಸುಳ್ಳು ಹೇಳುವುದಿಲ್ಲ. ಸೊಪ್ಪಿನವನ ಕೂಗು ಕೇಳದೆ ಕಿವಿ ಬಿಕೋ ಎನ್ನುತ್ತದೆ.

ಬಂದ ಹೊಸದರಲ್ಲಿ ಆದ ಒಂದು ವಿಷಯವನ್ನು ನಿನಗೆ ಹೇಳಿಲ್ಲ, ನಗುತ್ತೀಯ ಎಂದು. ಒಂದು ಬೆಳಿಗ್ಗೆ ಪಕ್ಕದ ಮನೆಯ ಗೇಟಿನ ಮುಂದೆ ರಟ್ಟಿನ ಪೆಟ್ಟಿಗೆ, ಅದರ ತುಂಬ ನಿಂಬೆಹಣ್ಣು. ಸುತ್ತಮುತ್ತ ಒಂದು ನರಪಿಳ್ಳೆ ಇಲ್ಲ. ಏಳು ಸಮುದ್ರ ದಾಟಿ ಬಂದರೂ ಮಾಟ ಮಾಡಿಸುವವರು ಬಿಡುವುದಿಲ್ಲವಲ್ಲ ಅಂದುಕೊಂಡು ರಸ್ತೆಯ ಆಚೆ ಬದಿಗೆ ಹೋದೆ. ಒಂದು ವಾರ ಆಚೆ ಬದಿಯಲ್ಲೇ ಓಡಾಡಿದೆ. ಕೊನೆಗೆ ಇವರಿಗೆ ಹೇಳಿದರೆ ನಕ್ಕು ನಕ್ಕು ಕೆಮ್ಮು ಹತ್ತಿತು. "ಅಯ್ಯೋ, ಮರದಲ್ಲಿ ಜಾಸ್ತಿ ಬಿಟ್ಟಿದೆ ಕಣೇ. ಬೇಕಾದೋರು ತಗೊಂಡ್ ಹೋಗ್ಲಿ ಅಂತ ಇಟ್ಟಿದಾರೆ" ಅಂದರು. ಮರುದಿನ ಚೀಲ ತುಂಬ ತಂದು ಉಪ್ಪಿನಕಾಯಿ ಹಾಕಿದೆ. ಆ ಮನೆಯ ಮುದುಕಿಗೂ ಒಂದು ಬಾಟಲಿ ಕೊಟ್ಟೆ. ಆಕೆ ಅದನ್ನು ಜಾಮ್ ಎಂದುಕೊಂಡು ಬ್ರೆಡ್ಡಿಗೆ ದಪ್ಪಗೆ ಬಳಿದುಕೊಂಡು ತಿಂದಳಂತೆ. ಕೆಲವು ದಿನ ಮುಖವನ್ನೇ ತೋರಿಸಲಿಲ್ಲ. ಆಮೇಲೆ ಖಾಲಿ ಬಾಟಲಿ ಹಿಡಿದು ಬಂದು ಇನ್ನಷ್ಟು ಇದೆಯಾ ಎಂದು ಕೇಳಿದಳು. ಈಗ ನಾವಿಬ್ಬರೂ ಗೆಳತಿಯರು.

ಹೊಲಿಗೆ ಕೆಲಸ ಸಿಕ್ಕಿರುವುದಂತೂ ನಿಜ. ಬ್ಲೌಸ್ ಹೊಲಿದ ಕೈಗೆ ಇಲ್ಲಿನ ಪ್ಯಾಂಟು, ಜಿಪ್ಪು ಯಾವ ಲೆಕ್ಕ? ಕೆಲಸಕ್ಕೆ ಹೋಗುವುದು ಹೆಚ್ಚಾಗಿ ಇವರು ಓಡಿಸುವ ಬಸ್ಸಿನಲ್ಲೇ. ಇಲ್ಲಿ ಇಳಿಯುವ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಎಂದು ಕೂಗಿ ಇಳಿಯುತ್ತಾರೆ, ಶಾಲೆಯ ಮಕ್ಕಳು ಕೂಡ. ಮೊದಲ ದಿನ ನನಗೆ ಗಂಡನಿಗೆ ಥ್ಯಾಂಕ್ಸ್ ಹೇಳುವುದು ಹೇಗೆಂದು ತಿಳಿಯದೆ ತಲೆ ತಗ್ಗಿಸಿ ಇಳಿದುಬಿಟ್ಟೆ. ಸಂಜೆ ಮನೆಗೆ ಬಂದವರು ಶೂ ಬಿಚ್ಚುತ್ತಾ, "ಇವತ್ತು ಬಸ್ಸಲ್ಲಿ ಒಬ್ರು ಮಾತ್ರ ಥ್ಯಾಂಕ್ಸ್ ಹೇಳ್ಲಿಲ್ಲ ನೋಡು, ಇಂಡಿಯಾದವರು ಅನ್ಸುತ್ತೆ" ಅಂದರು. ಈಗ ಗಟ್ಟಿಯಾಗಿ ಕೂಗಿಯೇ ಇಳಿಯುತ್ತೇನೆ. ಬಸ್ಸಿನವರೆಲ್ಲ ತಿರುಗಿ ನೋಡುತ್ತಾರೆ, ನೋಡಲಿ.

ನಿಮ್ಮಪ್ಪನ ಫೋಟೋ ಎಲ್ಲಿಟ್ಟೆ ಎಂದು ಕೇಳಿದ್ದೆಯಲ್ಲ, ಹಾಲ್‌ನಲ್ಲೇ ಇದೆ. ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಒಪ್ಪಿಗೆ ಕೇಳಬೇಕಂತೆ ಇಲ್ಲಿ! ಮಂಜುನಾಥ್ ಅವರೇ ಇಮೇಲ್ ಬರೆದು, ಉತ್ತರಕ್ಕೆ ಹದಿನೈದು ದಿನ ಕಾದು, ಸ್ಟೂಲಿನ ಮೇಲೆ ಹತ್ತಿ ಮೊಳೆ ಹೊಡೆದರು. ಫೋಟೋ ಸ್ವಲ್ಪ ಓರೆಯಾಗಿತ್ತು, ಸರಿ ಮಾಡಿದವರೂ ಅವರೇ. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ದುಃಖಕ್ಕಲ್ಲ ಕಂದಾ. ಈ ವಯಸ್ಸಿನಲ್ಲಿ ಇಂಥ ಮನುಷ್ಯ ಸಿಕ್ಕಿದನಲ್ಲ ಎಂದು.

ಈಗ ವಿಷಯಕ್ಕೆ ಬರುತ್ತೇನೆ.

ಈ ತಿಂಗಳು ವರಮಹಾಲಕ್ಷ್ಮಿ ಹಬ್ಬಕ್ಕೆ ವತ್ಸಲಾ ಎನ್ನುವವರ ಮನೆಗೆ ಕರೆದಿದ್ದರು. ಬಸವೇಶ್ವರನಗರದ ಕಡೆಯವರು, ಇಲ್ಲಿ ಬಂದು ಬಹಳ ವರ್ಷವಾಗಿದೆ. ನನ್ನ ಹಿಂದಿನ ಕಥೆ ಅವರಿಗೆ ತಿಳಿಯದು, ಅವರ ಮಟ್ಟಿಗೆ ನಾನು ಮಂಜುನಾಥ್ ಅವರ ಹೆಂಡತಿ, ಅಷ್ಟೇ. ನಾನೂ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಇಲ್ಲಿ ಹೂವು ಮೊಳದ ಲೆಕ್ಕದಲ್ಲಿ ಸಿಗುವುದಿಲ್ಲ, ಇವರು ತಂದ ಸೇವಂತಿಗೆಯ ಕಂತೆಯನ್ನು ಬಿಚ್ಚಿ, ದಾರದಲ್ಲಿ ಕಟ್ಟಿ ಮುಡಿದಿದ್ದೆ. ಪೂಜೆ ಮುಗಿಯಿತು. ವತ್ಸಲಾ ಅರಿಶಿನ ಕುಂಕುಮದ ತಟ್ಟೆ ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ನನ್ನ ಕಾಲು ತಾನಾಗಿಯೇ ಅಡುಗೆಮನೆಯ ಕಡೆಗೆ ಹೋಯಿತು ನೋಡು. ಯಾರೂ ಹೋಗು ಅನ್ನಲಿಲ್ಲ. ಹೋಗಿ ಸಿಂಕಿನಲ್ಲಿದ್ದ ಪಾತ್ರೆ ತೊಳೆಯತೊಡಗಿದೆ.

ನಿಮ್ಮಪ್ಪ ಹೋದ ಮೇಲೆ ಎಲ್ಲ ಹಬ್ಬದಲ್ಲೂ ನಾನು ಹಾಗೆಯೇ ಮಾಡುತ್ತಿದ್ದೆನಲ್ಲ. ಯಾರಾದರೂ ಮುಖ ಸಿಂಡರಿಸುವ ಮೊದಲೇ ನಾನೇ ಸರಿದು ನಿಲ್ಲುತ್ತಿದ್ದೆ, ಮರ್ಯಾದೆ ಉಳಿಯುತ್ತಿತ್ತು. ಆ ಅಭ್ಯಾಸ ನನ್ನ ಜೊತೆಗೆ ವಿಮಾನ ಹತ್ತಿ ಬಂದಿದೆ ಎಂದು ನನಗೇ ಗೊತ್ತಿರಲಿಲ್ಲ. ಗಂಡ ಹೊರಗೆ ಕಾರಿನಲ್ಲಿ ಕೂತು ಹೋಳಿಗೆಗೆ ಕಾಯುತ್ತಿದ್ದಾರೆ, ನಾನು ಒಳಗೆ ವಿಧವೆಯ ಹಾಗೆ ಪಾತ್ರೆ ತಿಕ್ಕುತ್ತಿದ್ದೇನೆ!

ವತ್ಸಲಾ ಹುಡುಕಿಕೊಂಡು ಬಂದರು. "ಏನ್ರೀ ಲತಾ, ಇಲ್ಯಾಕೆ ನಿಂತಿದೀರಾ? ಪಾತ್ರೆ ಎಲ್ಲೂ ಓಡ್ಹೋಗಲ್ಲ, ಬನ್ನಿ ಈಚೆ" ಎಂದು ನನ್ನ ಒದ್ದೆ ಕೈಯನ್ನು ಹಿಡಿದು ಎಳೆದುಕೊಂಡು ಹೋದರು. ಎಲ್ಲರ ಮಧ್ಯೆ ಕೂರಿಸಿ ಕೆನ್ನೆಗೆ ಅರಿಶಿನ ಹಚ್ಚಿದರು, ಹಣೆಗೆ ಕುಂಕುಮ ಇಟ್ಟರು. ಅವರಿಗೆ ಅದು ಹಬ್ಬದ ಹತ್ತು ಕೆಲಸದಲ್ಲಿ ಒಂದು ಕೆಲಸ, ಮುಂದಿನವರ ಕಡೆ ಹೋದರು. ನಾನು ಮಾತ್ರ ಕಾರಿನಲ್ಲಿ ಮನೆ ಮುಟ್ಟುವವರೆಗೂ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಲೇ ಇದ್ದೆ.

ಅದಾದ ಕೆಲವೇ ದಿನಕ್ಕೆ ನಿನ್ನ ಫೋನು ಬಂತು. ಮೊದಲಿನ ಹಾಗೆ ಬಾ ಅಂದೆ. ನನಗೆ ನೋವಾಯಿತು ಕೀರ್ತನಾ. ಮುಚ್ಚಿಡುವುದೇನಿದೆ, ಬಹಳ ನೋವಾಯಿತು. ರಾಜಾಜಿನಗರದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನ ಮದುವೆಗೆ ಸಾಕ್ಷಿ ಸಹಿ ಹಾಕಿದವಳು ನೀನು. ಶಾಲೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದೆ. ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಾ ಇವರಿಗೆ, "ಅಂಕಲ್, ನಮ್ಮಮ್ಮ ಕೋಪ ಬಂದ್ರೆ ಊಟ ಬಿಡ್ತಾರೆ, ನೀವು ಬಿಡಕ್ ಬಿಡಬೇಡಿ" ಅಂದಿದ್ದೆ. ಆ ಮಗಳು ಎಲ್ಲಿಗೂ ಹೋಗಿಲ್ಲ, ಹೆದರಿಕೊಂಡಿದ್ದಾಳೆ ಎಂದು ನನಗೆ ಗೊತ್ತು. ನಿನ್ನ ಅತ್ತೆ ಚಿಕ್ಕಲಕ್ಷ್ಮಮ್ಮನವರ ಬಾಯಿ ದೊಡ್ಡದು, ಅವರ ನೆಂಟರ ಬಾಯಿ ಇನ್ನೂ ದೊಡ್ಡದು. ಬಸುರಿ ಹುಡುಗಿಗೆ ಆ ಮಾತುಗಳನ್ನೆಲ್ಲ ಕೇಳುವ ಶಕ್ತಿ ಎಲ್ಲಿಂದ ಬರಬೇಕು? ಅದಕ್ಕೇ ಫೋನಿನಲ್ಲಿ ಹೂಂ ಅಂದದ್ದು.

ಆದರೆ ನಿನ್ನ ಮದುವೆಯ ದಿನ ನೆನಪಿಸಿಕೋ. ಧಾರೆ ಎರೆದದ್ದು ನಿನ್ನ ಚಿಕ್ಕಪ್ಪ, ಚಿಕ್ಕಮ್ಮ. ಹೆತ್ತವಳು ನಾನು ಊಟದ ಹಾಲ್‌ನಲ್ಲಿ ಎಲೆ ಹಾಕಿಸುತ್ತಿದ್ದೆ. ಗಟ್ಟಿಮೇಳ ಕೇಳಿಸಿತು, ಅಲ್ಲಿಂದಲೇ ನಾಲ್ಕು ಅಕ್ಷತೆ ಕಾಳು ಎಸೆದೆ. ಅವು ಯಾವ ಎಲೆಯ ಮೇಲೆ ಬಿದ್ದವೋ. ಇನ್ನೊಂದು ಸಲ ನನ್ನ ಮಗಳ ಶುಭಕಾರ್ಯದಲ್ಲಿ ಗೋಡೆಗೆ ಒರಗಿ ನಿಲ್ಲಲು ನನ್ನಿಂದಾಗದು.

ಹಾಗಾಗಿ ಕೇಳು. ದಸರಾ ಕಳೆದ ಮೇಲೆ ಸೀಮಂತಕ್ಕೆ ನಾನು ಬರುವುದಾದರೆ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ, ಪಕ್ಕದಲ್ಲಿ ಮಂಜುನಾಥ್. ನಿನ್ನ ಕೈಗೆ ಹಸಿರು ಬಳೆಯನ್ನು ನಾನೇ ತೊಡಿಸಬೇಕು, ಮಡಿಲು ನಾನೇ ತುಂಬಬೇಕು. ಅದು ನಿನ್ನಿಂದ ಆಗದು ಎಂದರೆ ಸೀಮಂತಕ್ಕೆ ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ, ನಿನ್ನ ತಲೆಯ ಮೇಲಾಣೆ. ಬಾಣಂತನಕ್ಕೆ ಮಾತ್ರ ಯಾರು ಏನೇ ಅಂದರೂ ಬರುತ್ತೇನೆ. ಮೂಡಲಪಾಳ್ಯದ ಮನೆಯ ಬೀಗ ತೆಗೆದು, ಹಂಡೆಗೆ ನೀರು ತುಂಬಿ ಕಾಯುತ್ತೇನೆ. ಅಲ್ಲಿಯೂ ಇದೇ ಹಣೆ ಇರುತ್ತದೆ. ನಿನ್ನ ಮಗು ಕಣ್ಣು ಬಿಟ್ಟಾಗ ಅದಕ್ಕೆ ಕಾಣುವ ಅಜ್ಜಿ ಇವಳೇ, ಮೊದಲಿನವಳಲ್ಲ.

ನಿನ್ನ ಅತ್ತೆಗೆ ನಾನಾಗಿ ಒಂದು ಮಾತೂ ಹೇಳುವುದಿಲ್ಲ. ಹೇಳಬೇಕಾದವಳು ನೀನು, ಯಾವಾಗ ಎನ್ನುವುದೂ ನಿನ್ನದೇ. ಟಿಕೆಟ್ಟನ್ನು ಇವರು ಈಗಲೇ ಎರಡು ಮಾಡಿಸಿದ್ದಾರೆ. ನೀನು ಬೇಡ ಅಂದರೂ ನಾವಿಬ್ಬರೂ ಆ ದಿನ ಮೂಡಲಪಾಳ್ಯದ ಮನೆಯಲ್ಲಿ ಒಬ್ಬಟ್ಟು ಮಾಡಿಕೊಂಡು ತಿನ್ನುತ್ತೇವೆ, ನಿನ್ನ ಹೆಸರಿನಲ್ಲಿ.

ಕಬ್ಬಿಣದ ಮಾತ್ರೆ ನುಂಗು. ಮೆಟ್ರೋದಲ್ಲಿ ಸೀಟು ಬಿಡದವರನ್ನು ಬಾಯಿ ಬಿಟ್ಟು ಕೇಳು, ನಾಚಿಕೆ ಬೇಡ.

ನಿನ್ನ ಅಮ್ಮ,
ಲತಾ ಮಂಜುನಾಥ್

ತಾ.ಕ.: ಒಂದು ವಿಷಯವನ್ನು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ಜೂನ್‌ನಲ್ಲಿ ನಿನಗೆ ಉಪ್ಸಾರಿನ ಬಯಕೆಯಾಗಿತ್ತಲ್ಲ, ಖಾರ ಅರೆಯುವುದು ಹೇಗೆಂದು ಕೇಳಲು ಗೌತಮ್ ಅವರು ವಿಡಿಯೋ ಕಾಲ್ ಮಾಡಿದ್ದರು. ನಾನು ಹೇಳಿಕೊಡುತ್ತಿದ್ದಾಗ ಇವರು ಟೀ ಲೋಟ ಹಿಡಿದು ಹಿಂದಿನಿಂದ ಬಂದು, "ಲತಾ, ಸಕ್ಕರೆ ಸಾಕಾ ನೋಡೇ" ಅಂದುಬಿಟ್ಟರು. ನನ್ನ ಜೀವ ಬಾಯಿಗೆ ಬಂತು. ಅಳಿಯಂದಿರು ಇವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ, "ಅಂಕಲ್, ಅತ್ತೆಗೆ ಸಕ್ಕರೆ ಕಮ್ಮಿ ಹಾಕಿ, ಶುಗರ್ ಬಾರ್ಡರಲ್ಲಿದೆ" ಅಂದರು. ನಾನು ಎಲ್ಲವನ್ನೂ ಹೇಳಿದೆ. ಕೊನೆಗೆ ಅವರು ಹೇಳಿದ್ದಿಷ್ಟೇ: "ಅವಳನ್ನ ನಾನು ಕೇಳಲ್ಲ ಅತ್ತೆ. ಅವಳಾಗೇ ನಂಗೆ ಹೇಳ್ಬೇಕು ಅನ್ನೋ ಆಸೆ." ಅವತ್ತಿನಿಂದ ಕಾಯುತ್ತಿದ್ದಾರೆ. ಇವತ್ತು ರಾತ್ರಿ ಊಟವಾದ ಮೇಲಾದರೂ ಹೇಳಿಬಿಡು.