ಕೈಯಳತೆಯ ಉಪ್ಪು

ಪ್ರಸಾದನ ಅಪ್ಪನವರಿಗೆ,

ಇವತ್ತು ಮಗ, ಸೊಸೆಯ ಜೊತೆ ಮೂಡಿಗೆರೆಗೆ ಡಾಕ್ಟರ ಹತ್ತಿರ ಹೋಗಿದ್ದೆ. ಅವನ ಬಿಪಿ ಇಳಿದಿದೆ. ನಿಮ್ಮನ್ನು ಒಯ್ದ ಕಾಯಿಲೆಯೇ ಅವನಿಗೂ ಬಂತೆಂದು ಎರಡು ತಿಂಗಳಿಂದ ನನಗೆ ಊಟ ಸೇರಿರಲಿಲ್ಲ.

"ಮಾತ್ರೆ ಹೆಚ್ಚಿಸೋದು ಬೇಡ. ಅಡುಗೇಲಿ ಏನು ಬದಲು ಮಾಡಿದ್ರಿ ಅಮ್ಮಾ?" ಎಂದು ಡಾಕ್ಟರ್ ಕೇಳಿದರು.

"ಅತ್ತೆಯವ್ರು ಈಗ ಚಮಚದಲ್ಲಿ ಅಳೆದು ಉಪ್ಪು ಹಾಕ್ತಾರೆ" ಎಂದು ಸೊಸೆ ರಜನಿ ಹೇಳಿದಳು.

ದೇವರ ಎಡೆಗೆ ಮೊದಲು ಅಡುಗೆಯ ರುಚಿ ನೋಡಿದವಳಲ್ಲ ನಾನು. ಉಪ್ಪು ಯಾವತ್ತೂ ಕೈಯಳತೆಯೇ. ಪ್ರಸಾದನಿಗೆ ಬಿಪಿ ಎಂದು ಗೊತ್ತಾದ ದಿನ ರಜನಿ ನನ್ನ ಕೈಯ ಉಪ್ಪನ್ನು ಅಳೆದು ನೋಡಿದಳು. ನಾಲ್ಕು ಜನರ ಸಾರಿಗೆ ನಾಲ್ಕು ಚಮಚ! "ಇದು ಮದುವೆ ಮನೆ ಸಾರಿಗೆ ಸಾಕು ಅತ್ತೆ" ಎಂದು ನಕ್ಕಳು. ಒಂದು ವಾರ ಅವಳನ್ನು ಮಾತಾಡಿಸಲಿಲ್ಲ. ಆಮೇಲೆ ಉಪ್ಪಿನ ಮರಿಗೆಯಲ್ಲಿ ನಾನೇ ಚಮಚ ಇಟ್ಟೆ, ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೆ ಏರಿಸಿದೆ.

ನೀವು ಸಾರಿಗೆ ಬಿಸಿನೀರು ಸುರಿದುಕೊಳ್ಳುತ್ತಿದ್ದಿರಿ. "ನನ್ನ ಸಾರು ನಿಮ್ಮ ನಾಲಿಗೆಗೆ ಹತ್ತಲ್ವಾ?" ಎಂದು ನೆಂಟರ ಮುಂದೆಯೇ ಗದರಿದ್ದೆ. "ಖಾರ ಸ್ವಲ್ಪ ಜಾಸ್ತಿ ಮಾರಾಯ್ತಿ, ಅಷ್ಟೇ" ಎಂದಿರಿ. ಉಪ್ಪಿನ ಮಾತೆತ್ತಲಿಲ್ಲ. ಅವತ್ತಿನಿಂದ ನೀರೂ ಸುರಿದುಕೊಳ್ಳಲಿಲ್ಲ.

ಮಧ್ಯಾಹ್ನ ಪ್ರಸಾದ ಎರಡು ಸಲ ಸಾರು ಹಾಕಿಸಿಕೊಂಡ. ಅದನ್ನು ನೋಡಿ ನನಗೂ ಹಸಿವಾಯಿತು.

ನಾಳೆ ನಿಮಗೆ ಎಡೆ ಇಡುವ ದಿನ. ಸಾರಿಗೆ ಉಪ್ಪು ಒಂದೇ ಚಮಚ. ಆದರೂ ಎಲೆಯ ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇಟ್ಟಿರುತ್ತೇನೆ. ಸುರಿದುಕೊಳ್ಳಿ, ನಾನು ಏನೂ ಅನ್ನುವುದಿಲ್ಲ.