ಗುಮಾಸ್ತ ಮಲಗುವ ಮರಳು

ಮಾರ್ಚ್ ೩, ಮಂಗಳವಾರ

ಈ ಮನೆಗೆ ಹಿರಿಯಳು ನಾನು. ಹೈಸ್ಕೂಲು ಪಾಸಾದವಳು. ಕನ್ನಡಕದ ಅಂಗಡಿಯ ಗಲ್ಲಾದ ಕೀಲಿ, ಮನೆಯ ಬೀರುವಿನ ಕೀಲಿ, ಎರಡೂ ನನ್ನ ಸೊಂಟದಲ್ಲಿವೆ. ಯಜಮಾನರು ಬಲಭಾಗಕ್ಕೆ ಪಾರ್ಶ್ವವಾಯು ಹೊಡೆದು, ಮಾತು ಹೋಗಿ ಮಂಚ ಹಿಡಿದ ಮೇಲೆ ಬಂದ ಅಧಿಕಾರವಲ್ಲ ಇದು. ಮೊದಲಿನಿಂದಲೂ ಹೀಗೆಯೇ. ಅಂಗಡಿ ಬೋರ್ಡಿನ ಬಣ್ಣದಿಂದ ಹಿಡಿದು ಮಗನ ಮದುವೆಯ ತನಕ ಕೊನೆಯ ಮಾತು ನನ್ನದು.

ಒಂದನ್ನು ಬಿಟ್ಟು. ಮುಂದಿನ ಕೋಣೆಯ ನಾಲ್ಕಡಿ ಉಪ್ಪುನೀರಿನ ಮೀನಿನ ಟ್ಯಾಂಕ್. ಬಟ್ಟೆ ಹಿಡಿದು ಗಾಜು ಒರೆಸಲು ಹೋದರೂ ಇವರು ಅಡ್ಡ ಬರುತ್ತಿದ್ದರು. "ಇದೊಂದು ನಾಲ್ಕಡಿ ನನಗೆ ಬಿಟ್ಕೊಡೇ. ಮಿಕ್ಕಿದ್ದೆಲ್ಲ ನಿಂದೇ ಇದೆಯಲ್ಲ." ಬಿಟ್ಟುಕೊಟ್ಟಿದ್ದೆ.

ಇವತ್ತು ಬೆಳಿಗ್ಗೆ ನೆಲ ಒರೆಸುವಾಗ ಕಾಲಿಗೆ ನೀರು. ಟ್ಯಾಂಕಿನ ಅಡಿಯ ಅಂಟು ಬಿಟ್ಟಿದೆ. ಸಾಕುಮೀನಿನ ಅಂಗಡಿಯವನನ್ನು ಕರೆಸಿದೆ. ಉಪ್ಪುನೀರಿನವನು ಅಂತ ಇವರು ಇಟ್ಟ ಹೆಸರು. ಮೊಣಕಾಲೂರಿ ನೋಡಿ ಲೊಚಗುಟ್ಟಿದ.

"ಇದು ಉಳಿಯೋ ಪಾತ್ರೆ ಅಲ್ಲಮ್ಮಾ. ಹೊಸ ಟ್ಯಾಂಕೇ ಆಗ್ಬೇಕು."

ಇವರು ಅದೇ ಕೋಣೆಯ ಮಂಚದ ಮೇಲಿಂದ ನೋಡುತ್ತಿದ್ದರು. "ಏನ್ರೀ, ಹೊಸದು ತರಿಸ್ಲಾ?" ಎಂದೆ. ಎಂದಿನಂತೆ ನನ್ನ ಕಡೆ ತಿರುಗಲಿಲ್ಲ. ನನ್ನ ಕುರ್ಚಿ ಅವರ ಬಲಕ್ಕೇ ಇದೆ, ಒಂದು ಮಾರು ದೂರವೂ ಇಲ್ಲ. ಕೋಪವಿದ್ದರೆ ಇರಲಿ. ತರಿಸುತ್ತೇನೆ.

ಮಾರ್ಚ್ ೪, ಬುಧವಾರ

ಟ್ಯಾಂಕ್ ಖಾಲಿ. ಹವಳ, ಕಲ್ಲು, ಮೀನು ಎಲ್ಲ ನೀಲಿ ಡ್ರಮ್ಮಿನಲ್ಲಿ. ಒಳಗೊಂದು ಪಂಪು ಗುರುಗುಡುತ್ತಿದೆ.

ಮೀನುಗಳಲ್ಲಿ ಒಂದೇ ಒಂದರ ಗುರುತು ನನಗಿದೆ. ಬೆರಳುದ್ದದ ಹಳದಿ ಮೀನು. ದೀಪ ಆರುವ ಮುಂಚೆ ಮರಳಿನೊಳಗೆ ನುಗ್ಗಿ ಮಲಗುತ್ತದೆ, ಬೆಳಿಗ್ಗೆ ದೀಪ ಹಾಕಿದರೆ ಮರಳು ಕೊಡವಿಕೊಂಡು ಏಳುತ್ತದೆ. ಒಂದು ದಿನವೂ ಲೇಟಿಲ್ಲ, ರಜೆ ಇಲ್ಲ. ಇವರು ಅದಕ್ಕೆ ಗುಮಾಸ್ತ ಎನ್ನುತ್ತಿದ್ದರು. ಮಾತು ಹೋದ ಮೇಲೂ ಗುಮಾಸ್ತ ಎದ್ದರೇನೇ ಇವರ ಎಡಗೈ ಚಮಚ ಹಿಡಿಯುವುದು. ಅದೂ ಅರ್ಧ ಊಟ. ತಟ್ಟೆಯ ಆಚೆ ಅರ್ಧ ಮುಟ್ಟುವುದಿಲ್ಲ, ಗೆರೆ ಕೊಯ್ದಂತೆ ಉಳಿಸುತ್ತಾರೆ. ಎಷ್ಟು ಗದರಿದರೂ ಅಷ್ಟೇ. ಹಟ.

ಟ್ಯಾಂಕಿನ ತಳದ ಮರಳು ಕರ್ರಗೆ, ಕೊಳೆತ ಮೊಟ್ಟೆಯ ನಾತ. ಮನೆಯೆಲ್ಲ ಮೂಗು ಮುಚ್ಚಿಕೊಂಡಿತು. ಸುಮ್ಮನೆ ಬಿಡುವವಳೇ ನಾನು? ಹಿತ್ತಲ ನಲ್ಲಿಗೆ ಹೊರಿಸಿದೆ. ಅಕ್ಕಿ ತೊಳೆದ ಹಾಗೆ ಉಜ್ಜಿ ಉಜ್ಜಿ, ನೀರು ತಿಳಿಯಾಗುವ ತನಕ ತೊಳೆಸಿದೆ. ಮಗನ ಸೊಂಟ ಬಿದ್ದುಹೋಯಿತು. ಈಗ ಮರಳು ಬೆಳ್ಳಗೆ, ಸಕ್ಕರೆಯಂತಿದೆ.

ಮಾರ್ಚ್ ೭, ಶನಿವಾರ

ಉಪ್ಪುನೀರಿನವನು ಹೊಸ ಟ್ಯಾಂಕ್ ತಂದ. ಮರಳು ನೋಡಿದ. ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

"ನಲ್ಲಿ ನೀರಲ್ಲಿ ತೊಳೆದ್ರಾ? ಅಮ್ಮಾ... ಅದರೊಳಗೆ ಕಣ್ಣಿಗೆ ಕಾಣದ ಜೀವ ಇತ್ತು. ಮೀನಿನ ಹೊಲಸು ತಿಂದು ಜೀರ್ಣಿಸೋದೇ ಅದು. ಎಲ್ಲ ಸತ್ತುಹೋಯ್ತು."

"ನಾತ ಹೊಡೀತಿತ್ತು."

"ಹೊಟ್ಟೆ ಬಗೆದ್ರೆ ಯಾರದ್ದಾದ್ರೂ ಅಷ್ಟೇ ಅಲ್ವಾ."

ನಾಲಿಗೆ ಉದ್ದ ಅವನದ್ದು. ಹೊಸದಕ್ಕೆ ಎಷ್ಟು ಇಂಚು ಮರಳು ಹಾಕುತ್ತೀಯ ಎಂದು ಕೇಳಿದೆ. ಒಂದು ಸಾಕು ಎಂದ.

"ಇವರಿಗೆ ಐದು ಹಾಕಿಸಿದವನು ನೀನೇ ಅಲ್ವೇನೋ?"

"ಆಗ ಐದು ನಡೀತಿತ್ತಮ್ಮಾ. ಈಗ ಎಲ್ಲಾರೂ ಒಂದಕ್ಕೆ ಬಂದಿದಾರೆ."

"ಮರಳಿಗೂ ಫ್ಯಾಷನ್ನೇನೋ?"

ನಕ್ಕ. ಆಮೇಲೆ ನಗುವ ಮಾತು ಮುಗಿಯಿತು. ಒಂದು ಇಂಚಾದರೆ ಕೊಳೆ ಕಣ್ಣಿಗೆ ಕಾಣುತ್ತದೆ, ಪೈಪಿನಲ್ಲಿ ಎಳೆದು ತೆಗೆಯಬಹುದು, ನೀರಿಗೆ ಭಯವಿಲ್ಲ. ಆದರೆ ಗುಮಾಸ್ತನಿಗೆ ಹುದುಗಲು ಜಾಗವಿಲ್ಲ. ನುಗ್ಗಿದರೆ ಗಾಜಿಗೆ ಮೂತಿ. ಐದಾದರೆ ಗುಮಾಸ್ತನಿಗೆ ಹಾಸಿಗೆ. ಆದರೆ ಸತ್ತ ಮರಳು ಮತ್ತೆ ಜೀವ ಹಿಡಿಯಲು ತಿಂಗಳುಗಟ್ಟಲೆ ಬೇಕು. ಅಷ್ಟರೊಳಗೆ ತಳ ಕೊಳೆತು ನೀರು ಕೆಟ್ಟರೆ ಗುಮಾಸ್ತನೂ ಇಲ್ಲ, ಹವಳವೂ ಇಲ್ಲ. ನಡುವೆ ಮೂರು ಹಾಕು ಎಂದೆ. "ಅದು ಎರಡು ಕಡೆಗೂ ಸಲ್ಲದ್ದು" ಎಂದ.

ಮಗ ಮೊಬೈಲಿನಲ್ಲಿ ಹುಡುಕಿದ. "ಒಬ್ಬ ಆರು ಇಂಚು ಅಂತಾನಮ್ಮ, ಇನ್ನೊಬ್ಬ ಮರಳೇ ಬೇಡ ಅಂತಾನೆ. ಇಬ್ಬರಿಗೂ ಸಾವಿರಾರು ಲೈಕು."

"ನೀನೇನು ಹೇಳ್ತೀಯ?"

"ನೀವು ಹೇಳಿ. ಯಾವತ್ತೂ ನೀವೇ ಅಲ್ವಾ ಹೇಳೋದು."

ಎಲ್ಲರೂ ನನ್ನ ಬಾಯಿ ನೋಡಿದರು. ಆಮೇಲೆ ಹೇಳುತ್ತೇನೆಂದು ಉಪ್ಪುನೀರಿನವನನ್ನು ವಾಪಸು ಕಳಿಸಿದೆ.

ಮಾರ್ಚ್ ೧೧, ಬುಧವಾರ

ಡಾಕ್ಟರು ಬಂದು ಹೋದರು. ಟ್ಯಾಂಕ್ ಖಾಲಿಯಾದಾಗಿನಿಂದ, ದಿನಕ್ಕೆರಡು ಲೋಟ ಹಾಲು ಬಿಟ್ಟರೆ, ಇವರು ಆ ಅರ್ಧ ತಟ್ಟೆಯನ್ನೂ ಮುಟ್ಟಿಲ್ಲ. ನಾನು ತಿನ್ನಿಸಲು ಹೋದರೆ ಹಲ್ಲು ಕಚ್ಚುತ್ತಾರೆ. ಹೀಗೇ ಆದರೆ ಮುಂದಿನ ವಾರ ಆಸ್ಪತ್ರೆ, ಮೂಗಿನಲ್ಲಿ ನಳಿಗೆ ಎಂದರು.

ಡ್ರಮ್ಮಿನೊಳಗೆ ಇಣುಕಿದೆ. ಗುಮಾಸ್ತ ತಳದ ಪ್ಲಾಸ್ಟಿಕ್ಕಿಗೆ ಮೂತಿ ಒತ್ತುತ್ತಿದ್ದಾನೆ. ಮೂತಿ ಕೆಂಪಗಾಗಿದೆ.

ಇಬ್ಬರೂ ಕಾಯುತ್ತಿದ್ದಾರೆ. ನಾನು ಇಂಚು ಎಣಿಸುತ್ತಿದ್ದೇನೆ.

ಮಾರ್ಚ್ ೧೩, ಶುಕ್ರವಾರ

ಸೊಸೆಯ ಉಪಾಯ. "ಮಾವನ್ನೇ ಕೇಳೋಣ ಅತ್ತೆ. ಅಂಗಡೀಲಿ ಕಣ್ಣು ಟೆಸ್ಟ್ ಮಾಡೋ ಹಾಗೆ. ಇದಾ, ಅದಾ?"

ಈ ಮನೆಯವರಿಗೆ ಮಾತ್ರ ಹೊಳೆಯುವ ಉಪಾಯ. ಎಷ್ಟು ಜನರ ಕಣ್ಣಿಗೆ ಗಾಜು ಹಿಡಿದು ಇವರು ಅದನ್ನೇ ಕೇಳಿಲ್ಲ! ಇದು ಚೆನ್ನಾಗಿ ಕಾಣುತ್ತಾ, ಅದಾ?

ಎರಡು ಗಾಜಿನ ಜಾಡಿ. ಒಂದರಲ್ಲಿ ಒಂದು ಇಂಚು ಮರಳು, ಒಂದರಲ್ಲಿ ಐದು. ಮಂಚದ ಅಡ್ಡಹಲಗೆಯ ಮೇಲೆ ಅಕ್ಕಪಕ್ಕ ಇಟ್ಟೆವು. ಸೊಸೆ ಬಾಗಿ ಕೇಳಿದಳು, "ಮಾವ, ಗುಮಾಸ್ತನಿಗೆ ಇದಾ, ಅದಾ?"

ಎಡಗೈ ಎದ್ದಿತು. ಐದು ಇಂಚಿನ ಜಾಡಿಯೊಳಗೆ ಇಳಿಯಿತು. ಬೆರಳು ಪೂರ್ತಿ ಮರಳಿನೊಳಗೆ ಹೋದವು.

"ಐದು! ಅಪ್ಪ ಐದು ಅಂದ್ರು!" ಮಗ ಕುಣಿಯುವುದೊಂದು ಬಾಕಿ. ಸೊಸೆ ಅತ್ತಳು. ಉಪ್ಪುನೀರಿನವನಿಗೆ ಫೋನು ಹೋಯಿತು.

ನಾನು "ಸರಿ" ಎಂದೆ. ಮೈಮೇಲಿಂದ ಒಂದು ಮೂಟೆ ಇಳಿದ ಹಾಗಾಯಿತು. ನಾಚಿಕೆ ಏಕೆ, ಹಾಗೇ ಆಯಿತು.

ಮಾರ್ಚ್ ೧೪, ಶನಿವಾರ

ಅಂಗಡಿಯಲ್ಲೊಂದು ನಿಯಮವಿದೆ. ಒಂದೇ ಸಲ ಕೇಳಿ ಚೀಟಿ ಬರೆಯಬಾರದು. ಗಾಜು ಅದಲುಬದಲು ಮಾಡಿ ಮತ್ತೆ ಕೇಳಬೇಕು. ಕಲಿಸಿದವರು ಇವರೇ.

ಬೆಳಿಗ್ಗೆ ಮಗ ಸೊಸೆ ಅಂಗಡಿಗೆ ಹೋದ ಮೇಲೆ ಜಾಡಿ ಅದಲುಬದಲು ಮಾಡಿಟ್ಟೆ. ಕೇಳಿದೆ. ಎಡಗೈ ಎದ್ದು ಒಂದು ಇಂಚಿನದಕ್ಕೆ ಇಳಿಯಿತು. ಉಗುರು ತಳಕ್ಕೆ ಬಡಿದು ಟಕ್ ಎಂದಿತು.

ಮತ್ತೆ ಬದಲಿಸಿದೆ. ಐದು. ಮತ್ತೆ. ಒಂದು.

ಯಾವ ಜಾಡಿ ಎಡಕ್ಕಿದೆಯೋ ಅದು.

ಚಮಚ ತಂದೆ. ಅವರ ಬಲಗಡೆಯಿಂದ ಮುಖದ ಮುಂದೆ ನಿಧಾನಕ್ಕೆ ತಂದೆ. ಕಿವಿ ದಾಟಿತು, ಕೆನ್ನೆ ದಾಟಿತು — ರೆಪ್ಪೆ ಅಲುಗಲಿಲ್ಲ. ಮೂಗಿನ ತುದಿ ದಾಟಿದ ಮೇಲೆ ಬೆಚ್ಚಿದರು. ಎಲ್ಲಿಂದಲೋ ಚಮಚ ಉದುರಿಬಿದ್ದಂತೆ.

ಬಲಗಡೆ ಇಲ್ಲ. ಇವರ ಪಾಲಿಗೆ ಬಲಗಡೆ ಎಂಬುದೇ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಏನೋ ಹೇಳಿದ್ದರು, ಬಲಗಡೆ ಗಮನ ಕಡಿಮೆ ಎಂದು. ಕೈಕಾಲಿನ ಮಾತು ಎಂದುಕೊಂಡೆ. ಕನ್ನಡಕದ ಅಂಗಡಿಯವಳು ನಾನು!

ಅರ್ಧ ತಟ್ಟೆ ಉಳಿಸಿದ್ದು ಹಟವಲ್ಲ.

ಮತ್ತೆ ನನ್ನ ಕುರ್ಚಿ... ಕಾಯಿಲೆ ಬಿದ್ದಾಗಿನಿಂದ ಬಲಕ್ಕೇ ಕೂತು ಮಾತಾಡಿದ್ದೇನೆ. ಅಂಗಡಿಯ ಸುದ್ದಿ ಹೇಳಿದ್ದೇನೆ, ಗದರಿದ್ದೇನೆ, ಎರಡು ಸಲ ಅತ್ತೂ ಇದ್ದೇನೆ. ತಿರುಗಲಿಲ್ಲವೆಂದು ಸಿಟ್ಟು ಮಾಡಿದ್ದೇನೆ.

ಸಂಜೆ ಮಗನಿಗೆ ಹೇಳಿದೆ. ಮುಖ ಸಣ್ಣದಾಯಿತು.

"ಹಾಗಾದ್ರೆ ಅಪ್ಪ ಏನೂ ಹೇಳ್ಲಿಲ್ವಾ?"

"ಇಲ್ಲ."

"ಐದು ಅಂತ ಹೇಳ್ಲಿಲ್ವಾ?"

"ಕೈಗೆ ಸಿಕ್ಕಿದ್ದು ಮುಟ್ಟಿದ್ರು ಕಣೋ. ಅಷ್ಟೇ."

ಮಾರ್ಚ್ ೧೫, ಭಾನುವಾರ

ತಟ್ಟೆ ತಿರುಗಿಸಿ ಇಟ್ಟೆ. ಎಡಗಡೆ ಬಂದದ್ದರಲ್ಲಿ ಮೂರು ಚಮಚ. ಆಮೇಲೆ ಚಮಚ ಕೆಳಗಿಟ್ಟು, ಟ್ಯಾಂಕ್ ಇದ್ದ ಕಡೆ ನೋಡುತ್ತಾ ಕೂತರು. ಹೊಸದು ಇನ್ನೂ ಜಗಲಿಯಲ್ಲಿದೆ, ಗೋಡೆಯಲ್ಲಿ ಹಳೆಯ ನೀರಿನ ಗುರುತು ಮಾತ್ರ ಇದೆ. ಅದರಲ್ಲೂ ಎಡ ಅಂಚನ್ನೇ ನೋಡುತ್ತಾರೆ.

ಮಾರ್ಚ್ ೧೯, ಗುರುವಾರ, ಬೆಳಿಗ್ಗೆ

ಈ ಮೂರು ದಿನ ಬರೆಯಲು ಕೂರಲಿಲ್ಲ. ಕೈಯಲ್ಲಿ ಮರಳಿತ್ತು.

ಯಾರನ್ನೂ ಕೇಳಲಿಲ್ಲ. ಸೋಮವಾರ ಹೊಸ ಟ್ಯಾಂಕನ್ನು ಜಾಗಕ್ಕೆ ಇಡಿಸಿ, ಸೆರಗು ಸಿಕ್ಕಿಸಿಕೊಂಡು ಮರಳನ್ನು ನಾನೇ ಸುರಿದೆ. ಅವರ ನಾಲ್ಕಡಿಯೊಳಗೆ ಮೊದಲ ಸಲ ಕೈ ಹಾಕಿದೆ. ಮಂಚದಿಂದ ನೋಡಿದರೆ ಎಡಕ್ಕೆ ಬರುವ ತುದಿಯಲ್ಲಿ ಐದು ಇಂಚು. ಅಲ್ಲಿಂದ ಇಳಿಜಾರು. ಬಲ ತುದಿಗೆ ಒಂದು. ಗುಮಾಸ್ತನಿಗೆ ಹುದುಗಲು ಆಳ ಇರುವುದು ಎಡಕ್ಕೆ ಮಾತ್ರ, ಇವರಿಗೆ ಕಾಣುವ ಕಡೆಯೇ ಏಳಬೇಕು.

ಉಪ್ಪುನೀರಿನವನು ತನ್ನ ಟ್ಯಾಂಕಿನಿಂದ ಒಂದು ಬಟ್ಟಲು ಜೀವದ ಮರಳು ತಂದು ಎಡಗಡೆ ಉದುರಿಸಿದ, ಹಾಲಿಗೆ ಹೆಪ್ಪು ಹಾಕಿದಂತೆ. ಇಳಿಜಾರು ನೋಡಿ ತಲೆಯಾಡಿಸಿದ.

"ಇದು ನಿಲ್ಲಲ್ಲಮ್ಮಾ. ಪಂಪಿನ ನೀರು ಹೊಡೆದು ಹೊಡೆದು ಸಮ ಆಗ್ಬಿಡುತ್ತೆ."

"ಆದಾಗ ಮತ್ತೆ ಎಳೆದು ಹಾಕ್ತೀನಿ."

"ಕೆದಕಿದ್ರೆ ತಳದ ವಿಷ ಮೇಲೆ ಬರುತ್ತೆ. ಹಾಕಿದ ಮೇಲೆ ಮುಟ್ಟೋ ಹಾಗೇ ಇಲ್ಲ."

"ಹೆಪ್ಪಾದ್ರೂ ಹಿಡಿಯುತ್ತಾ?"

"ಹಿಡಿದ್ರೆ ಹಿಡಿದಂಗೆ."

ಮಂಗಳವಾರ ಸಂಜೆ ಗುಮಾಸ್ತನನ್ನು ಬಿಟ್ಟೆವು. ಒಂದು ಸುತ್ತು ಹಾಕಿದ. ಎಡ ತುದಿಗೆ ಬಂದು ತಲೆ ಕೆಳಗೆ ಮಾಡಿ ನುಗ್ಗಿದವನು ನುಗ್ಗಿದ ಹಾಗೇ ಇದ್ದಾನೆ. ನಿನ್ನೆ ಬೆಳಿಗ್ಗೆ ದೀಪ ಹಾಕಿದೆವು, ಏಳಲಿಲ್ಲ. ಹೊಸ ಜಾಗಕ್ಕೆ ಹೆದರಿ ಕೆಲವು ದಿನ ಮಲಗಿಯೇ ಇರಬಹುದಂತೆ. ಸತ್ತೂ ಇರಬಹುದಂತೆ. ಕೆದಕಿ ನೋಡುವ ಹಾಗಿಲ್ಲ. ಈ ಮನೆಯಲ್ಲಿ ಮುಚ್ಚಿದ ಯಾವ ಡಬ್ಬಿಯನ್ನೂ ತೆಗೆದು ನೋಡದೆ ಬಿಟ್ಟವಳಲ್ಲ ನಾನು.

ನಾಳೆ ಆಸ್ಪತ್ರೆಯಿಂದ ಗಾಡಿ ಬರುತ್ತದೆ.

ಈಗಷ್ಟೇ ದೀಪ ಹಾಕಿದೆ. ಅಡ್ಡಹಲಗೆಯ ಮೇಲೆ ತಟ್ಟೆ ಇದೆ, ಎಡಗೈ ಹತ್ತಿರ ಚಮಚ. ಇವರು ಮರಳನ್ನು ನೋಡುತ್ತಿದ್ದಾರೆ. ಕುರ್ಚಿಯನ್ನು ಎಡಕ್ಕೆ ತಂದೆ, ಅದು ಟ್ಯಾಂಕಿಗೆ ಅಡ್ಡವಾಯಿತು. ಅದಕ್ಕೆ ಕುರ್ಚಿಯನ್ನು ಹೊರಗಿಡಿಸಿ ನೆಲಕ್ಕೆ ಕೂತಿದ್ದೇನೆ, ಮಂಚದ ಎಡಗಾಲಿಗೆ ಬೆನ್ನು ಕೊಟ್ಟು. ಅತ್ತೆಗೆ ಏನಾಯಿತೆಂದು ಸೊಸೆ ಬಾಗಿಲಲ್ಲಿ ನಿಂತು ನೋಡಿ ಹೋದಳು.

ನನ್ನ ತಲೆಯ ಮೇಲೆ ಏನೋ ಇಳಿಯಿತು. ಎಡಗೈ. ಚಮಚಕ್ಕೆಂದು ತಡಕಿದ್ದೋ, ನನಗೆಂದೋ — ಅದಲುಬದಲು ಮಾಡಿ ಕೇಳುವುದಿಲ್ಲ. ಕೂತಿದ್ದೇನೆ. ಇಲ್ಲಿಂದ ಏಳುವುದಿಲ್ಲ. ಎಡ ತುದಿಯಲ್ಲಿ ಮರಳು ಅಲುಗಿದ ಹಾಗೆ...